ಸೆಕೆಂಡ್ ಹ್ಯಾಂಡ್ ರಬ್ಬರ್ ದೋಣಿ ಕೊಳ್ಳುವ ಮುನ್ನ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

ಹಳೆಯ ರಬ್ಬರ್ ದೋಣಿ ಕೊಂಡು ಕೈ ಸುಟ್ಟುಕೊಂಡವರ ಕಥೆ ಹೆಚ್ಚುಕಡಿಮೆ ಒಂದೇ ತೆರ. ಮಾರುವವರ ಅಂಗಳದಲ್ಲಿ ದೋಣಿ ಗಾಳಿ ತುಂಬಿಕೊಂಡು ಬಿಗಿಯಾಗಿ ಕೂತಿರುತ್ತದೆ. ಕೊಳ್ಳುವವರು ಒಂದು ಸುತ್ತು ಹಾಕಿ, ಟ್ಯೂಬಿಗೆ ಎರಡು ಸಲ ತಟ್ಟಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ದುಡ್ಡು ಎಣಿಸಿಕೊಟ್ಟು ಬರುತ್ತಾರೆ. ಮುಂದಿನ ವಾರ ಹಿನ್ನೀರಿನ ನಡುವೆ ಒಂದು ಮಗ್ಗುಲು ಮೆತ್ತಗಾಗುತ್ತದೆ.

ಯಡವಟ್ಟಾಗುವುದು ನೋಡುವ ಕ್ರಮದಲ್ಲಿ. ಗಾಳಿ ತುಂಬಿದ ದೋಣಿ ತನ್ನ ದೋಷಗಳನ್ನು ಅಡಗಿಸಿಕೊಳ್ಳುತ್ತದೆ. ಮಡಿಕೆಯ ಬಿರುಕು ಹಿಗ್ಗಿ ಮಾಯವಾಗುತ್ತದೆ, ತಳದ ಹಲಗೆಯಡಿ ಸವೆದ ಬಟ್ಟೆ ಕಾಣುವುದೇ ಇಲ್ಲ, ಟ್ಯೂಬನ್ನು ಕೋಣೆಗಳಾಗಿ ಬೇರ್ಪಡಿಸುವ ಒಳಗೋಡೆ ಹರಿದಿದ್ದರೂ ಎರಡೂ ಕಡೆ ಒಂದೇ ಒತ್ತಡ ಇರುವುದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಗಾಳಿ ಇಲ್ಲದಾಗಲೇ ಅರ್ಧ ತೀರ್ಮಾನ ಆಗಿಬಿಡಬೇಕು. ಆಮೇಲೆ ಗಾಳಿ, ಆಮೇಲೆ ಒಂದು ರಾತ್ರಿ, ಆಮೇಲೆ ನೀರು. ಎಂಜಿನ್ ಕೊನೆಗೆ.

## ಮೊದಲು: ಯಾವ ನೀರಿಗೆ?

ಬಣ್ಣ ಬಣ್ಣದ ರ‍್ಯಾಫ್ಟ್ ಬೇರೆ, ಎಂಜಿನ್ ಕೂರಿಸುವ ದೋಣಿ ಬೇರೆ. ಗಣೇಶಗುಡಿಯ ಕಾಳಿ ನದಿಯಲ್ಲೋ ಕೊಡಗಿನ ಬರಪೊಳೆಯಲ್ಲೋ ಓಡುವ ರ‍್ಯಾಫ್ಟಿಗೆ ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ, ಒಳಗೆ ಅಡ್ಡ ಟ್ಯೂಬುಗಳಿರುತ್ತವೆ, ತಳದ ಅಂಚಿನ ತೂತುಗಳಿಂದ ನೀರು ತಾನಾಗಿ ಹೊರಹೋಗುತ್ತದೆ. ಪ್ರವಾಹದ ಸುದ್ದಿಗಳಲ್ಲಿ ಕಾಣುವ, ರಕ್ಷಣಾ ತಂಡದವರು ಜೆಮಿನಿ ಎನ್ನುವ ದೋಣಿಗೆ ಹಿಂದೆ ಟ್ರಾನ್ಸಮ್ ಹಲಗೆ ಇರುತ್ತದೆ, ಅದರ ಮೇಲೆ ಓಬಿಎಂ, ಅಂದರೆ ಹೊರಗೆ ತೂಗುವ ಎಂಜಿನ್, ಕೂರುತ್ತದೆ. ಶರಾವತಿ ಹಿನ್ನೀರಿನ ಪಕ್ಕದ ಹೋಮ್‌ಸ್ಟೇಗೆ, ಕೃಷ್ಣೆ ಭೀಮೆಯ ದಡದ ಊರಿಗೆ ಬೇಕಾದದ್ದು ಎರಡನೆಯ ಬಗೆ. ಕೆಳಗೆ ಹೇಳಿರುವುದೂ ಹೆಚ್ಚಾಗಿ ಅದರ ಬಗ್ಗೆಯೇ. ರ‍್ಯಾಫ್ಟಿಗೆ ಬೇರೆಯಾಗುವ ಕಡೆ ಹೇಳುತ್ತೇನೆ.

ಒಳಗೆ ನೂಲಿನ ಬಟ್ಟೆಯೇ ಇಲ್ಲದ, ಬರೀ ಪ್ಲಾಸ್ಟಿಕ್ ಹಾಳೆಯ ಈಜುಕೊಳದ ದೋಣಿಯೂ ‘ಫಿಶಿಂಗ್ ಬೋಟ್’ ಹೆಸರಲ್ಲಿ ಮಾರಾಟಕ್ಕೆ ಬರುತ್ತದೆ. ಅದನ್ನು ಹಳೆಯದಾಗಿ ಕೊಳ್ಳಲೇಬೇಡಿ, ಪುಕ್ಕಟೆ ಕೊಟ್ಟರೂ.

## ಕೈಯಲ್ಲಿ ಇರಬೇಕಾದ ಸಾಮಾನು

ಕಾಲಿನ ಪಂಪು, ಆ ದೋಣಿಯ ವಾಲ್ವಿಗೆ ಕೂರುವ ಅಡಾಪ್ಟರ್, ಒಂದು ಬಾರ್ ಒಳಗಿನ ಒತ್ತಡ ತೋರಿಸುವ ಗೇಜ್, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನ ಸ್ಪ್ರೇ ಬಾಟಲಿ, ಸೀಮೆಸುಣ್ಣ, ಟಾರ್ಚ್, ತೆಳು ಸ್ಕ್ರೂಡ್ರೈವರ್, ಅಳತೆ ಟೇಪು, ಬಿಳಿ ಹತ್ತಿ ಬಟ್ಟೆ. ಟಾರ್ಪಾಲು ಇದ್ದರೆ ನೆಲಕ್ಕೆ ಹಾಸಲು ಆಗುತ್ತದೆ.

ಕಾರಿನ ಟೈರಿನ ಗೇಜ್ ಇಲ್ಲಿ ಕೆಲಸಕ್ಕೆ ಬಾರದು. ಟೈರಿನ ಒತ್ತಡ 30 ಪಿಎಸ್‌ಐ ಆಸುಪಾಸು, ದೋಣಿಯ ಟ್ಯೂಬಿನದು ಮೂರೂವರೆ, ಅಂದರೆ ಸುಮಾರು ಕಾಲು ಬಾರ್. ಅಷ್ಟು ಕೆಳಗೆ ಆ ಮುಳ್ಳನ್ನು ನಂಬಲಾಗದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅಂತೂ ಬೇಡವೇ ಬೇಡ. ಮುಳ್ಳು ಏರುವುದನ್ನು ಗಮನಿಸುವಷ್ಟರಲ್ಲಿ ಬಟ್ಟೆಯ ಜೋಡಣೆ ಕಿತ್ತುಹೋಗಿರುತ್ತದೆ.

## ಹಂತ 1: ಫೋನಿನಲ್ಲೇ ಕೇಳಿ ಮುಗಿಸಿ

ಪ್ರಯಾಣ ಹೊರಡುವ ಮುಂಚೆ ಮಾರುವವರಿಗೆ ಎರಡು ಮಾತು ಹೇಳಿ: “ದೋಣಿಗೆ ಗಾಳಿ ತುಂಬಿಡಬೇಡಿ, ನಾನು ಬಂದ ಮೇಲೆ ತುಂಬೋಣ.” “ಗಾಳಿ ತುಂಬಿ ಒಂದು ರಾತ್ರಿ ಬಿಡಬೇಕು, ಮರುದಿನ ಮತ್ತೆ ಬರ್ತೀನಿ.” ಇದಕ್ಕೆ ಒಪ್ಪದವರ ಮನೆಗೆ ಹೋಗುವುದು ಪೆಟ್ರೋಲು ದಂಡ.

ಜತೆಗೆ ಮೂರು ಫೋಟೋ ಕೇಳಿ. ಹಿಂಬದಿಯ ತಯಾರಕರ ಪ್ಲೇಟು, ತಳವನ್ನು ಮಗುಚಿ ತೆಗೆದದ್ದು, ವಾಲ್ವನ್ನು ಹತ್ತಿರದಿಂದ ತೆಗೆದದ್ದು. ಎಲ್ಲಿ ಇಟ್ಟಿದ್ದರು ಎಂದೂ ಕೇಳಿ. ಮಡಚಿ ಅಡಿಕೆ ಗೋದಾಮಿನಲ್ಲೋ ಶೆಡ್ಡಿನಲ್ಲೋ ಇಟ್ಟ ದೋಣಿಗೆ ಇಲಿ ಕಾಟ ಇದ್ದೇ ಇರುತ್ತದೆ. ಇಲಿ ಕಚ್ಚಿದ ಒಂದು ತೂತು ಮಡಿಕೆಯ ಹಲವು ಪದರ ದಾಟಿ ಹೋಗಿರುವುದರಿಂದ, ಬಿಚ್ಚಿದಾಗ ಅದೇ ಸಾಲಿನಲ್ಲಿ ಹಲವು ತೂತು ಕಾಣುತ್ತವೆ. ವರ್ಷಗಟ್ಟಲೆ ಬಯಲಲ್ಲಿ ಬಿಸಿಲಿಗೆ ಬಿದ್ದಿದ್ದ ದೋಣಿ ಇದಕ್ಕಿಂತ ಕೆಟ್ಟದ್ದು. ಇಲಿಯ ತೂತಿಗೆ ತೇಪೆ ಹಾಕಬಹುದು, ಬಿಸಿಲು ತಿಂದ ಬಟ್ಟೆಗೆ ಏನೂ ಮಾಡಲಾಗದು.

ಸರ್ಕಾರಿ ಇಲಾಖೆಗಳ ಹಳೆಯ ದೋಣಿಗಳು ಕೇಂದ್ರ ಸರ್ಕಾರದ ಹರಾಜು ಕಂಪನಿಯಾದ ಎಂಎಸ್‌ಟಿಸಿ ಇ-ಹರಾಜಿಗೂ ಬರುತ್ತವೆ. ಅಲ್ಲಿನ ಷರತ್ತು ‘ಇದ್ದಲ್ಲಿ, ಇದ್ದ ಹಾಗೆ’. ರಾತ್ರಿ ಬಿಟ್ಟು ನೋಡುವ ಅವಕಾಶ ಸಿಗುವುದಿಲ್ಲ ಎಂದುಕೊಂಡೇ ಬೆಲೆ ಕೂಗಬೇಕು.

## ಹಂತ 2: ಪ್ಲೇಟು ಮತ್ತು ನಂಬರು

ಪ್ಲೇಟಿನಲ್ಲಿ ನಾಲ್ಕು ಸಂಗತಿ ಇರುತ್ತವೆ: ಎಷ್ಟು ಜನ, ಒಟ್ಟು ಎಷ್ಟು ಭಾರ, ಎಷ್ಟು ಎಚ್‌ಪಿ ಎಂಜಿನ್, ಎಷ್ಟು ಒತ್ತಡ. ಪ್ಲೇಟೇ ಕಿತ್ತುಹೋಗಿದ್ದರೆ ಆ ದೋಣಿಯ ಮಿತಿ ಯಾರಿಗೂ ಗೊತ್ತಿಲ್ಲ ಎಂದರ್ಥ. ಪ್ಲೇಟಿನಲ್ಲಿ 10 ಎಚ್‌ಪಿ ಎಂದಿದ್ದು ಹಿಂದೆ 25 ಎಚ್‌ಪಿ ಎಂಜಿನ್ ತೂಗುತ್ತಿದ್ದರೆ, ಟ್ರಾನ್ಸಮ್ ಜೋಡಣೆ ಆಗಲೇ ಪೆಟ್ಟು ತಿಂದಿದೆ ಎಂದೇ ಹಿಡಿಯಿರಿ.

ಹಿಂಬದಿಯ ಬಲಗಡೆ ಸಾಮಾನ್ಯವಾಗಿ ಹಲ್ ನಂಬರು, ಅಂದರೆ ದೋಣಿಯ ಗುರುತಿನ ನಂಬರು, ಇರುತ್ತದೆ. ಅಮೆರಿಕ, ಯುರೋಪಿನ ಮಾರುಕಟ್ಟೆಗೆ ತಯಾರಾದ ದೋಣಿಗಳಲ್ಲಿ ಇದರ ಕೊನೆಯ ನಾಲ್ಕು ಅಕ್ಷರಗಳಲ್ಲೇ ವಯಸ್ಸು ಅಡಗಿದೆ. ಮೊದಲಿನದು ತಿಂಗಳು (ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್), ಎರಡನೆಯದು ತಯಾರಾದ ವರ್ಷದ ಕೊನೆಯ ಅಂಕಿ, ಉಳಿದೆರಡು ಮಾದರಿ ವರ್ಷ. ‘ಡಿ414’ ಎಂದಿದ್ದರೆ 2014ರ ಏಪ್ರಿಲ್‌ನಲ್ಲಿ ತಯಾರಾದ ದೋಣಿ. ‘ನಾಲ್ಕೈದು ವರ್ಷದ್ದು ಸಾರ್’ ಎನ್ನುವವರ ಮುಂದೆ ಈ ನಂಬರು ಓದಿ ಹೇಳಿದರೆ ಚೌಕಾಸಿ ಸಲೀಸಾಗುತ್ತದೆ. ನಂಬರನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಂದಲೇ ಹಿಂತಿರುಗಿ; ಅದು ಕದ್ದ ಮಾಲೂ ಇರಬಹುದು.

## ಹಂತ 3: ಗಾಳಿ ಇಲ್ಲದ ಬಟ್ಟೆ

ದೋಣಿಯನ್ನು ನೆರಳಲ್ಲಿ ಬಿಚ್ಚಿ ಹಾಸಿ. ತಳದ ಹಲಗೆ, ಸೀಟು, ಚೀಲ ಎಲ್ಲವನ್ನೂ ಹೊರತೆಗೆಸಿ. ‘ಆ ಹಲಗೆ ತೆಗೆಯೋದು ಬಹಳ ಕಷ್ಟ, ಹಾಗೇ ನೋಡಿ’ ಎಂದರೂ ಬಿಡಬೇಡಿ. ಮರಳಿನ ಕಣ ಹಲಗೆಗೂ ಟ್ಯೂಬಿಗೂ ನಡುವೆ ಸೇರಿಕೊಂಡು, ದೋಣಿ ಅಲುಗಾಡಿದಾಗಲೆಲ್ಲ ಬಟ್ಟೆಯನ್ನು ಅರೆಯುತ್ತದೆ. ಹಳೆಯ ದೋಣಿಯಲ್ಲಿ ಹೆಚ್ಚು ಸವೆಯುವ ಜಾಗ ಅದೇ, ಯಾರೂ ನೋಡದ ಜಾಗವೂ ಅದೇ.

ಬಟ್ಟೆ ಯಾವುದು ಎಂದು ಮೊದಲು ತಿಳಿಯಬೇಕು. ಹೈಪಲಾನ್ ದೋಣಿಯ ಮೈ ರಬ್ಬರಿನಂತೆ ಮಂಕು, ಜೋಡಣೆಗಳೆಲ್ಲ ಅಂಟಿನವು. ಪಿವಿಸಿ ಹೊಳಪಾಗಿ, ನಯವಾಗಿ ಇರುತ್ತದೆ; ಜೋಡಣೆ ಅಂಟಿನದೂ ಇರಬಹುದು, ಶಾಖದಿಂದ ಬೆಸೆದದ್ದೂ ಇರಬಹುದು. ಹೈಪಲಾನ್ ಬಿಸಿಲು, ಪೆಟ್ರೋಲು ಎರಡನ್ನೂ ಹೆಚ್ಚು ತಡೆಯುತ್ತದೆ, ಬೆಲೆಯೂ ಜಾಸ್ತಿ. ಆ ಹೆಸರಿನ ಮೂಲ ಮಾಲನ್ನು ಡುಪಾಂಟ್ ಕಂಪನಿ 2010ರಲ್ಲಿ ನಿಲ್ಲಿಸಿತು. ಅದೇ ಜಾತಿಯ ರಬ್ಬರನ್ನು ಈಗ ಬೇರೆಯವರು ಮಾಡುತ್ತಾರೆ, ಬಾಯಿಮಾತಿನಲ್ಲಿ ಹಳೇ ಹೆಸರೇ ಉಳಿದಿದೆ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಇಷ್ಟು: ಒಂದರ ಅಂಟು ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಈಗ ಕೈಯಿಂದ ನೋಡಿ. ಪಿವಿಸಿ ಮೈ ಬೆರಳಿಗೆ ಜಿಗುಟಾಗಿ ಹತ್ತಿದರೆ, ತೊಳೆದು ಒಣಗಿಸಿದ ಮೇಲೂ ಹಾಗೇ ಇದ್ದರೆ, ಬಟ್ಟೆಯನ್ನು ಮೆದುವಾಗಿಟ್ಟಿದ್ದ ಎಣ್ಣೆಯಂಥ ಅಂಶ ಹೊರಬರುತ್ತಿದೆ. ಇದಕ್ಕೆ ಮದ್ದಿಲ್ಲ. ಹೈಪಲಾನಿನಲ್ಲಿ ಬಿಳಿ ಬಟ್ಟೆಗೆ ಬಣ್ಣದ ಪುಡಿ ಹತ್ತುವುದು ವಯಸ್ಸಿನ ಗುರುತು, ಅಷ್ಟಕ್ಕೇ ಹೆದರಬೇಕಿಲ್ಲ. ಒಳಗಿನ ನೂಲಿನ ನೇಯ್ಗೆ ಕಾಣಿಸತೊಡಗಿದ್ದರೆ ಆ ಜಾಗ ಮುಗಿದಂತೆ. ನೇಯ್ಗೆ ಒಂದು ಅಂಗೈ ಅಗಲ ಕಂಡರೆ ತೇಪೆಯಲ್ಲಿ ಸರಿಹೋಗುತ್ತದೆ. ಟ್ಯೂಬಿನ ಮೇಲ್ಮೈ ಉದ್ದಕ್ಕೂ ಕಂಡರೆ ಬಿಟ್ಟುಬಿಡಿ.

ಮಡಿಕೆಯ ಗೆರೆಗಳನ್ನು ಬೆರಳಲ್ಲಿ ಬಗ್ಗಿಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯ ಬಿರುಕುಗಳು ಈಗ ಮಾತ್ರ ಕಾಣುತ್ತವೆ. ಬೂಷ್ಟಿನ ಕಪ್ಪು ಚುಕ್ಕೆ ನೋಡಲು ಅಸಹ್ಯ ಅಷ್ಟೆ, ಮಳೆಗಾಲ ಕಂಡ ಮಲೆನಾಡಿನ ಯಾವ ವಸ್ತುವಿಗೆ ಬೂಷ್ಟು ಬಂದಿಲ್ಲ? ಅದನ್ನು ಬೆಲೆ ಇಳಿಸಲು ಬಳಸಿಕೊಳ್ಳಿ. ವಿಪರೀತ ಹೊಳೆಯುವ ದೋಣಿಯ ಬಗ್ಗೆ ಮಾತ್ರ ಅನುಮಾನ ಇರಲಿ. ಕಾರಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ತಿಕ್ಕಿದ್ದರೆ ಮುಂದೆ ಯಾವ ತೇಪೆಯೂ ಸರಿಯಾಗಿ ಹಿಡಿಯದು.

## ಹಂತ 4: ಜೋಡಣೆ, ತೇಪೆ

ಜೋಡಣೆಯ ಪಟ್ಟಿಯ ಅಂಚಿಗೆ ಉಗುರು ಕೊಟ್ಟು ನಿಧಾನಕ್ಕೆ ಎತ್ತಿ ನೋಡುತ್ತಾ ಇಡೀ ದೋಣಿ ಸುತ್ತಿ. ಎದ್ದ ಕಡೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಎರಡು ಮೂರು ಕಡೆ ಬೆರಳಗಲ ಎದ್ದಿದ್ದರೆ ರಿಪೇರಿ ಆಗುತ್ತದೆ. ಪಟ್ಟಿ ಉದ್ದಕ್ಕೂ ಸುಲಭವಾಗಿ ಬಿಡಿಸಿಕೊಂಡು ಬಂದರೆ, ಅಡಿಯ ಅಂಟು ಕಂದು ಬಣ್ಣಕ್ಕೆ ತಿರುಗಿ ಉದುರುತ್ತಿದ್ದರೆ, ಇಡೀ ದೋಣಿಯ ಅಂಟು ಒಟ್ಟಿಗೇ ಸಾಯುತ್ತಿದೆ. ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಬಿಡುತ್ತದೆ. ಕರಾವಳಿಯ ಸೆಕೆ, ತೇವದಲ್ಲಿ ಇದ್ದ ದೋಣಿಗಳಲ್ಲಿ ಇದು ಬೇಗ ಬರುತ್ತದೆ.

ತೇಪೆ ಇರುವುದು ತಪ್ಪಲ್ಲ. ಬಂಡೆಗಳ ನದಿಯಲ್ಲಿ ದುಡಿದ ರ‍್ಯಾಫ್ಟಿಗೆ ತೇಪೆ ಇಲ್ಲದಿದ್ದರೇ ಆಶ್ಚರ್ಯ. ಒಳ್ಳೆಯ ತೇಪೆಯ ಮೂಲೆಗಳು ದುಂಡಗಿರುತ್ತವೆ, ಅಂಚು ಎಲ್ಲೂ ಎದ್ದಿರುವುದಿಲ್ಲ, ಬಟ್ಟೆ ದೋಣಿಯದೇ ಜಾತಿಯದಾಗಿರುತ್ತದೆ, ಅಂಟು ಎರಡು ಡಬ್ಬಿ ಬೆರೆಸಿ ಹಚ್ಚುವಂಥದ್ದು. ಸೈಕಲ್ ಟ್ಯೂಬಿನ ತೇಪೆ, ಎಂ-ಸೀಲ್, ಫೆವಿಕ್ವಿಕ್, ಸಿಲಿಕೋನ್ ಮೆತ್ತಿದ್ದು ಕಂಡರೆ ಒಂದಲ್ಲ ಎರಡು ಖರ್ಚು ಲೆಕ್ಕ ಹಾಕಿ: ಸರಿಯಾದ ತೇಪೆಯದ್ದು, ಅದಕ್ಕೂ ಮೊದಲು ಈ ಮೆತ್ತಿದ್ದನ್ನು ಕೆರೆದು ತೆಗೆಯುವುದು. ಸಿಲಿಕೋನ್ ಕೆರೆಯುವುದು ಇದರಲ್ಲೆಲ್ಲ ಅತಿ ಕಷ್ಟದ್ದು.

ಟ್ಯೂಬಿನ ನಡುವಿನ ತೇಪೆಗಿಂತ ಜೋಡಣೆಯ ಮೇಲೆ ಕೂತ ತೇಪೆ ಹೆಚ್ಚು ಅಪಾಯದ್ದು. ಮಳೆಗಾಲದಲ್ಲಿ ಬಯಲಲ್ಲೇ ಹಾಕಿದ ತೇಪೆಯನ್ನೂ ನಂಬಬೇಡಿ. ಗಾಳಿಯ ತೇವ ಹೆಚ್ಚಿದಾಗ ಹಚ್ಚಿದ ಅಂಟು ಹೊರನೋಟಕ್ಕೆ ಹಿಡಿದಂತೆ ಕಂಡು, ಬೇಸಿಗೆಯ ಮೊದಲ ಬಿಸಿಗೆ ಬಿಡುತ್ತದೆ.

## ಹಂತ 5: ಒಳಗೋಡೆಯ ಪರೀಕ್ಷೆ

ಬಹುತೇಕ ಜನ ಬಿಟ್ಟೇಬಿಡುವ ಹಂತ ಇದು. ದೋಣಿಯ ಟ್ಯೂಬು ಹೊರಗೆ ಒಂದೇ ಆಗಿ ಕಂಡರೂ ಒಳಗೆ ಬಟ್ಟೆಯ ಅಡ್ಡಗೋಡೆಗಳಿಂದ ಎರಡೋ ಮೂರೋ ನಾಲ್ಕೋ ಕೋಣೆಗಳಾಗಿರುತ್ತದೆ. ಒಂದು ತೂತಾದರೂ ಉಳಿದವು ತೇಲಿಸಬೇಕು ಎಂಬುದು ಉದ್ದೇಶ. ಆ ಗೋಡೆ ಹರಿದಿದ್ದರೆ ದೋಣಿ ದಿನಗಟ್ಟಲೆ ಬಿಗಿಯಾಗೇ ನಿಲ್ಲಬಹುದು, ಹೊರಗೆ ಸೋಪಿನ ಗುಳ್ಳೆಯೂ ಬಾರದಿರಬಹುದು. ಆದರೆ ಮುಳ್ಳುಕಂಟಿಯೊಂದು ಚುಚ್ಚಿದ ದಿನ ಎರಡು ಕೋಣೆ ಒಟ್ಟಿಗೇ ಇಳಿಯುತ್ತವೆ.

ಹೀಗೆ ಮಾಡಿ. ಎಲ್ಲ ಕೋಣೆಯ ಗಾಳಿ ಪೂರ್ತಿ ಹೊರಗಿರಲಿ. ಒಂದು ಕೋಣೆಗೆ ಮಾತ್ರ ಆಕಾರ ಬರುವಷ್ಟು ತುಂಬಿ, ಗೇಜಿನಲ್ಲಿ 0.1 ಬಾರ್ ದಾಟದಂತೆ. ಅದಕ್ಕಿಂತ ಹೆಚ್ಚು ತುಂಬಿದರೆ ಒಂದೇ ಮಗ್ಗುಲಿನ ಒತ್ತಡಕ್ಕೆ ಸರಿಯಾಗಿದ್ದ ಗೋಡೆಯೂ ಹರಿಯಬಹುದು, ಆಗ ಜಗಳ ನಿಮ್ಮ ತಲೆಗೆ ಬರುತ್ತದೆ. ಪಕ್ಕದ ಕೋಣೆಯ ವಾಲ್ವ್ ಮುಚ್ಚಿ ಒಂದು ಗಂಟೆ ಬಿಡಿ. ಗೋಡೆ ಪಕ್ಕಕ್ಕೆ ಉಬ್ಬುವುದರಿಂದ ಅದರ ಹತ್ತಿರ ಸ್ವಲ್ಪ ಹೊಟ್ಟೆ ಬಂದಂತೆ ಕಾಣುವುದು ಸಹಜ. ಪಕ್ಕದ ಕೋಣೆಯ ಆಚೆ ತುದಿಯವರೆಗೂ ಗಾಳಿ ತುಂಬಿಕೊಂಡರೆ ಗೋಡೆ ಸೋರುತ್ತಿದೆ. ಹೀಗೇ ಒಂದೊಂದು ಕೋಣೆಗೂ ಮಾಡಿ.

ಒಳಗೋಡೆ ರಿಪೇರಿ ಎಂದರೆ ಟ್ಯೂಬನ್ನು ಸೀಳಿ, ಒಳಗೆ ಅಂಟಿಸಿ, ಮತ್ತೆ ಮುಚ್ಚುವುದು. ಹಳೆಯ ದೋಣಿಗೆ ಅಷ್ಟು ಖರ್ಚು ಸಾರ್ಥಕವಲ್ಲ ಎಂಬುದು ನನ್ನ ಅಭಿಪ್ರಾಯ. ಶಾಂತ ಕೆರೆಯಲ್ಲಿ ಮಾತ್ರ ಬಳಸುತ್ತೇನೆ ಎನ್ನುವವರೂ ಇಂಥದ್ದನ್ನು ತೆಗೆದುಕೊಳ್ಳಬಾರದು.

## ಹಂತ 6: ಪೂರ್ತಿ ಗಾಳಿ, ಸೋಪು, ಒಂದು ರಾತ್ರಿ

ಈಗ ಎಲ್ಲ ಕೋಣೆಗೂ ಸ್ವಲ್ಪ ಸ್ವಲ್ಪ ತುಂಬುತ್ತಾ ಸುತ್ತಿ ಬಂದು, ಕೊನೆಗೆ ಪ್ಲೇಟಿನಲ್ಲಿರುವ ಒತ್ತಡಕ್ಕೆ ತನ್ನಿ. ಎಂಜಿನ್ ದೋಣಿಯ ಟ್ಯೂಬುಗಳಿಗೆ ಸಾಮಾನ್ಯವಾಗಿ 0.2ರಿಂದ 0.25 ಬಾರ್, ರ‍್ಯಾಫ್ಟಿಗೆ 0.14ರಿಂದ 0.17 ಬಾರ್, ಅಂದರೆ 2ರಿಂದ 2.5 ಪಿಎಸ್‌ಐ, ಹಲಗೆಯಂತೆ ಗಟ್ಟಿಯಾಗುವ ಗಾಳಿ ತಳಕ್ಕೆ 0.7–0.8 ಬಾರ್. ಈ ಮೂರನ್ನು ಅದಲುಬದಲು ಮಾಡಿ ಟ್ಯೂಬಿಗೆ ತಳದ ಒತ್ತಡ ಕೊಟ್ಟು ದೋಣಿ ಕೆಡಿಸಿದವರೂ ಇದ್ದಾರೆ.

ಗಾಳಿ ತಳದಲ್ಲಿ ಒಂದು ಕಡೆ ಗುಬುಟು ಎದ್ದಿದೆಯೇ ನೋಡಿ. ಮೇಲಿನ ಪದರವನ್ನೂ ಕೆಳಗಿನದನ್ನೂ ಹಿಡಿದಿಟ್ಟ ಸಾವಿರಾರು ನೂಲುಗಳು ಅಲ್ಲಿ ಕಡಿದಿರುತ್ತವೆ. ಅದು ಬೆಳೆಯುತ್ತಲೇ ಹೋಗುತ್ತದೆ, ರಿಪೇರಿ ಇಲ್ಲ. ಬೇರೆ ತಳ ಸಿಗುತ್ತದೆಯೇ ವಿಚಾರಿಸಿಯೇ ಮುಂದುವರಿಯಿರಿ.

ಸೋಪಿನ ನೀರನ್ನು ಮೊದಲು ವಾಲ್ವುಗಳಿಗೆ, ಆಮೇಲೆ ಜೋಡಣೆ, ತೇಪೆ, ಡಿ-ರಿಂಗಿನ (ಹಗ್ಗ ಕಟ್ಟಲು ಅಂಟಿಸಿದ ಬಳೆ) ಬುಡ, ಟ್ಯೂಬಿನ ಹಿಂತುದಿಗಳಿಗೆ ಹೊಡೆಯಿರಿ. ವಾಲ್ವಿನ ಗುಳ್ಳೆಗೆ ಗಾಬರಿ ಬೇಡ. ಹಲವು ಸಲ ಸ್ಪ್ರಿಂಗಿನಡಿ ಮರಳು ಸಿಕ್ಕಿರುತ್ತದೆ. ಒತ್ತಿ ಬಿಟ್ಟು ತೊಳೆದರೆ ನಿಲ್ಲುತ್ತದೆ. ನಿಲ್ಲದಿದ್ದರೂ ವಾಲ್ವ್ ಬದಲಾಯಿಸುವುದು ಈ ದೋಣಿಯ ರಿಪೇರಿಗಳಲ್ಲೆಲ್ಲ ಸುಲಭದ್ದು. ರ‍್ಯಾಫ್ಟಿನ ತಳಕ್ಕೆ ಹೆಚ್ಚುವರಿ ಗಾಳಿ ತಾನೇ ಹೊರಬಿಡುವ ವಾಲ್ವ್ ಇರುತ್ತದೆ, ಒತ್ತಡ ತುಂಬಿದಾಗ ಅದು ಬುಸ್ಸೆನ್ನುವುದು ಸರಿಯೇ. ಜೋಡಣೆಯಲ್ಲಿ ಗುಳ್ಳೆಗಳ ಸಾಲು ಕಂಡರೆ ಮಾತ್ರ ಹಂತ 4ಕ್ಕೆ ಹಿಂತಿರುಗಿ ಯೋಚಿಸಿ.

ತುಂಬಿದ ಮೊದಲ ಗಂಟೆಯಲ್ಲಿ ಬಟ್ಟೆ ಹಿಗ್ಗಿ ಒತ್ತಡ ಇಳಿಯುತ್ತದೆ. ಒಂದು ಗಂಟೆ ಕಳೆದ ಮೇಲೆ ಮತ್ತೆ ಸರಿಹೊಂದಿಸಿ, ಗೇಜಿನ ಅಂಕಿಯನ್ನೂ ಆ ಹೊತ್ತಿನ ತಾಪಮಾನವನ್ನೂ ಬರೆದುಕೊಂಡು ಮನೆಗೆ ಹೋಗಿ. ತಾಪಮಾನ ಏಕೆಂದರೆ, ಸಂಜೆ 30 ಡಿಗ್ರಿಯಲ್ಲಿ 0.25 ಬಾರ್ ಇದ್ದ ಟ್ಯೂಬು, ಎಳ್ಳಷ್ಟೂ ಸೋರದಿದ್ದರೂ, ಬೆಳಗ್ಗೆ 20 ಡಿಗ್ರಿಯಲ್ಲಿ 0.21ರ ಹತ್ತಿರ ತೋರಿಸುತ್ತದೆ. ಹಾಗಾಗಿ ಬೆಳಗ್ಗೆ 0.2 ಕಂಡು ‘ಸೋರ್ತಿದೆ’ ಎಂದು ಒಳ್ಳೆಯ ದೋಣಿ ಬಿಡುವವರೂ ಉಂಟು, ಮಧ್ಯಾಹ್ನದ ಬಿಸಿಲಿಗೆ ಉಬ್ಬಿದ ದೋಣಿ ನೋಡಿ ‘ಗಟ್ಟಿಯಾಗಿದೆ’ ಎಂದು ಕೆಟ್ಟದ್ದನ್ನು ಕೊಳ್ಳುವವರೂ ಉಂಟು. ಬಿಸಿಲಲ್ಲಿ ಪೂರ್ತಿ ತುಂಬಿ ಬಿಡುವುದು ಟ್ಯೂಬಿಗೂ ಕೇಡು.

ತಾಪಮಾನದ ಲೆಕ್ಕ ಕಳೆದ ಮೇಲೂ ಐದರಲ್ಲಿ ಒಂದು ಭಾಗ ಇಳಿದಿದ್ದರೆ ಹಳೆಯ ದೋಣಿಗೆ ನಾನು ಒಪ್ಪುತ್ತೇನೆ. ಅರ್ಧ ಇಳಿದಿದ್ದು, ಎಲ್ಲಿಂದ ಎಂದು ಸೋಪಿನಲ್ಲೂ ಸಿಗದಿದ್ದರೆ ಬಟ್ಟೆಯೇ ರಂಧ್ರಮಯವಾಗಿದೆ. ಬೇಡ.

## ಹಂತ 7: ಟ್ರಾನ್ಸಮ್

ಗಾಳಿ ತುಂಬಿದಾಗಲೇ ನೋಡಬೇಕಾದದ್ದು ಇದು. ಹಲಗೆಯ ಮೇಲ್ತುದಿ ಹಿಡಿದು ಹಿಂದೆ ಮುಂದೆ ಜೋರಾಗಿ ಅಲುಗಾಡಿಸಿ. ಹಲಗೆಯೂ ಟ್ಯೂಬೂ ಒಟ್ಟಿಗೆ ಅಲುಗಬೇಕು. ಬುಡದಲ್ಲಿ ಬಾಯಿ ಬಿಟ್ಟರೆ ಎಂಜಿನ್ ಭಾರಕ್ಕೆ ಒಂದು ದಿನ ಪೂರ್ತಿ ಕಿತ್ತು ಬರುತ್ತದೆ.

ಹಲಗೆ ಹೆಚ್ಚಾಗಿ ಪ್ಲೈವುಡ್. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಎನ್ನುವ ಕಡೆ ಗಟ್ಟಿ, ಡಬ್ ಎನ್ನುವ ಕಡೆ ಒಳಗೆ ಕೊಳೆತಿದೆ. ಕೊಳೆಯುವಿಕೆ ಶುರುವಾಗುವುದು ಬೋಲ್ಟಿನ ತೂತು ಮತ್ತು ನೀರು ಬಿಡುವ ಬಿರಡೆಯ ತೂತಿನಿಂದ. ಅಲ್ಲಿ ಸ್ಕ್ರೂಡ್ರೈವರಿನ ಮೊನೆ ಮೆಲ್ಲಗೆ ಒತ್ತಿ ನೋಡಿ. ಹೊಸ ಪೇಂಟ್ ಹೊಡೆದ ಹಲಗೆ, ಹಳೇ ಟ್ಯೂಬು, ಈ ಜೋಡಿ ಕಂಡರೆ ಎರಡು ಪಟ್ಟು ಹೊತ್ತು ತಟ್ಟಿ. ಶೆಡ್ಡಿನಲ್ಲಿ ಇಟ್ಟಿದ್ದರೆ ಗೆದ್ದಲಿನ ಮಣ್ಣಿನ ಗೆರೆಯನ್ನೂ ಹುಡುಕಿ.

## ಹಂತ 8: ನೀರಿಗೆ ಇಳಿಸಿ, ಆಮೇಲೆ ಎಂಜಿನ್

ದಡದ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡು, ಇಬ್ಬರು ಕೂತು ನೋಡಿ. ಬಿರಡೆ ಹಾಕಿದ ದೋಣಿಯೊಳಗೆ ನೀರು ಸೇರುತ್ತಿದ್ದರೆ ತಳದ ಬಟ್ಟೆ ಟ್ಯೂಬಿಗೆ ಸೇರುವ ಅಂಚನ್ನು ನೋಡಿ. ಹುಟ್ಟಿನ ಕೊಂಡಿ, ಸುತ್ತಲಿನ ಹಗ್ಗ, ಹಿಡಿಗಳನ್ನು ಮೈಭಾರ ಬಿಟ್ಟು ಎಳೆಯಿರಿ. ನೀರಿಗೆ ಬಿದ್ದವರು ಹಿಡಿಯುವುದು ಆ ಹಗ್ಗವನ್ನೇ.

ಎಂಜಿನ್ ತಣ್ಣಗಿರುವಾಗಲೇ ಮುಟ್ಟಿ ನೋಡಿ. ನೀವು ಬರುವ ಮುಂಚೆ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಇರಬಹುದು. ಓಡುವಾಗ ಸಣ್ಣ ತೂತಿನಿಂದ ತಂಪಿನ ನೀರಿನ ಧಾರೆ ಬಿಡದೆ ಬರಬೇಕು. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಎಂಜಿನ್ನಿನಿಂದ ನೀರಿಗಿಳಿಯುವ ಶಾಫ್ಟ್ ಅಳೆಯಿರಿ: ಗಿಡ್ಡದ್ದು 15 ಇಂಚು, ಉದ್ದದ್ದು 20, ಟ್ರಾನ್ಸಮಿನ ಎತ್ತರಕ್ಕೆ ಹೊಂದದಿದ್ದರೆ ಒಳ್ಳೆಯ ಎಂಜಿನ್ ಕೂಡ ಆ ದೋಣಿಗೆ ಪ್ರಯೋಜನವಿಲ್ಲ. ಇದಕ್ಕಿಂತ ಹೆಚ್ಚಿನದಕ್ಕೆ ಓಬಿಎಂ ಗೊತ್ತಿರುವ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗಿ. ಮಲ್ಪೆ, ಕಾರವಾರದಂಥ ಬಂದರುಗಳಲ್ಲಿ ವಿಚಾರಿಸಿ.

## ಹಂತ 9: ಕಾಗದ, ದುಡ್ಡು

ಎಂಜಿನ್ ಇರುವ ದೋಣಿಯನ್ನು ಒಳನಾಡು ಜಲಮಾರ್ಗದಲ್ಲಿ ಓಡಿಸಲು 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿ ಬೇಕು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಇದು ಬಂದಿದೆ. ಕೊಳ್ಳುವ ಮೊದಲೇ ಬಂದರು ಮತ್ತು ಒಳನಾಡು ಜಲಸಾರಿಗೆಯ ಕಚೇರಿಯಲ್ಲಿ ನಿಮ್ಮ ಜಾಗದ ಹೆಸರು ಹೇಳಿ ಕೇಳಿಕೊಳ್ಳಿ. ಜಲಾಶಯವಾದರೆ ಅಣೆಕಟ್ಟಿನ ಒಡೆಯರ ಅನುಮತಿಯೂ ಬೇಕು. ಸೂಪಾ, ಲಿಂಗನಮಕ್ಕಿ ಎರಡೂ ಕರ್ನಾಟಕ ವಿದ್ಯುತ್ ನಿಗಮದವು. ಕಾಡಿನಂಚಿನ ನೀರಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ಅನುಮತಿ ಸಿಗದ ನೀರಿಗೆ ದೋಣಿ ಕೊಂಡು ಮನೆಯಲ್ಲಿ ಇಟ್ಟುಕೊಂಡವರು ಕಡಿಮೆಯೇನಿಲ್ಲ.

ಬೆಲೆ ಮಾತಾಡುವಾಗ ಸೀಮೆಸುಣ್ಣದ ಗುರುತುಗಳ ಮುಂದೆ ನಿಂತೇ ಮಾತಾಡಿ. ವಾಲ್ವ್, ಸಣ್ಣ ತೇಪೆ, ಹಗ್ಗ, ಡಿ-ರಿಂಗ್ ಇವಕ್ಕೆಲ್ಲ ಬೆಲೆ ಇಳಿಸಿ ಕೊಳ್ಳಬಹುದು. ಜಿಗುಟು ಬಟ್ಟೆ, ಉದ್ದಕ್ಕೂ ಬಿಡುವ ಜೋಡಣೆ, ಹರಿದ ಒಳಗೋಡೆ, ಬಾಯಿಬಿಟ್ಟ ಟ್ರಾನ್ಸಮ್ ಇವುಗಳಲ್ಲಿ ಒಂದಿದ್ದರೂ ಬೆಲೆಯ ಮಾತೇ ಬೇಡ. ಎಂಜಿನ್ ಚೆನ್ನಾಗಿದ್ದರೆ ‘ಎಂಜಿನ್ ಮಾತ್ರ ಕೊಡ್ತೀರಾ?’ ಎಂದು ಕೇಳಿ ನೋಡಿ.

ಒಂದು ರಾತ್ರಿ ಬಿಡಲು ಆಗಲೇ ಇಲ್ಲವೆಂದರೆ ಪೂರ್ತಿ ದುಡ್ಡು ಕೊಡಬೇಡಿ. ಅಡ್ವಾನ್ಸ್ ಕೊಟ್ಟು, ‘24 ಗಂಟೆಯೊಳಗೆ ಗಾಳಿ ಇಳಿದರೆ ವಾಪಸ್’ ಎಂದು ಕಾಗದದ ಮೇಲೆ ಬರೆಸಿ, ಹಲ್ ನಂಬರು, ಎಂಜಿನ್ ನಂಬರು, ಗೇಜಿನ ಅಂಕಿ, ಸಮಯ ಎಲ್ಲ ಸೇರಿಸಿ ಇಬ್ಬರೂ ಸಹಿ ಹಾಕಿ. ಸೀಮೆಸುಣ್ಣದ ಗುರುತುಗಳ ಫೋಟೋವನ್ನು ಅವರ ಮುಂದೆಯೇ ಅವರ ವಾಟ್ಸ್ಯಾಪಿಗೆ ಕಳಿಸಿ.